ತಗಡು ಕಾಣುವವರೆಗೆ

ಫೆಬ್ರವರಿ ೩, ಬೆಳಿಗ್ಗೆ

ಮತ್ತೆ ಹ್ಯಾಂಗರಿಗೆ ಹೋಗಿ ವಿಮಾನ ಒರೆಸಿದೆ. ಬಟ್ಟೆಗೆ ಬಣ್ಣದ ಹೊಟ್ಟು ಅಂಟಿ ಬಂತು. ತಪಾಸಣೆಯವರು ಹೇಳಿಬಿಟ್ಟಿದ್ದಾರೆ — ಬಣ್ಣ ಹೊಸದಾಗದೆ ಹಾರಿಸುವಂತಿಲ್ಲ.

ಎರಡೇ ಸೀಟಿನದು. ನಮ್ಮನೆಯವರು ಗುಜರಿಯಿಂದ ತಂದು ಕಟ್ಟಿದ್ದು. ಬಣ್ಣವೂ ಇವರ ಕೈಯದೇ, ಕಾಯಿಲೆ ಬಿದ್ದ ವರ್ಷ. ಬಾಲದ ಹತ್ತಿರ ಬ್ರಶ್ಶಿನ ಒಂದು ಕೂದಲು ಬಣ್ಣದೊಳಗೇ ಒಣಗಿ ನಿಂತಿದೆ. ಅಲ್ಲಿ ಮಾತ್ರ ಒರೆಸುವುದಿಲ್ಲ.

ಮಗಳಿಗೆ ಅದನ್ನು ಮತ್ತೆ ಹಾರಿಸುವ ಆಸೆ. ಅಪ್ಪ ಹೋದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಫೆಬ್ರವರಿ ೬

ಮೊದಲ ಪೇಂಟ್ ಶೆಡ್. ಯಜಮಾನ ಭಾರೀ ಮಾತುಗಾರ. "ಹಳೇದರ ಮೇಲೇ ಹೊಡೆದುಬಿಡೋಣ ಅಕ್ಕಾ. ಮದುಮಗಳ ಹಾಗೆ ಕಾಣುತ್ತೆ."

"ಮದುಮಗಳು ಹಾರಬೇಕಲ್ಲಣ್ಣ!" ಅಂದಳು ಮಗಳು.

ಇಬ್ಬರೂ ನಕ್ಕರು. ನನಗೆ ಮಾತ್ರ... ಹಳೇದು ಒಳಗೇ ಉಳಿಯುತ್ತೆ ಅನ್ನುವುದೊಂದೇ ಕಿವಿಗೆ ಬಿತ್ತು.

ಫೆಬ್ರವರಿ ೭

ಎರಡನೇ ಶೆಡ್. ಮುದುಕ. ಮುಖದಲ್ಲಿ ನಗು ಅನ್ನುವುದಿಲ್ಲ. ಪೂರ್ತಿ ಕೆರೆದು, ತಗಡು ಕಂಡ ಮೇಲೇ ಹೊಸ ಬಣ್ಣವಂತೆ.

"ಬಣ್ಣದ ಮೇಲೆ ಬಣ್ಣ ಬಿದ್ದರೆ ಬಾಲ ಭಾರ ಆಗುತ್ತಮ್ಮ. ಮೇಲೆ ಹೋದಾಗ ನಡುಗುತ್ತೆ. ಕಿತ್ತು ಬಂದರೂ ಬಂತು."

ದಾರಿಯಲ್ಲಿ, ಮೊದಲನೆಯವನೇ ಆಗಬಹುದು ಅಂದೆ.

"ಯಾಕೆ?"

ಬಸ್ಸು ಬಂತು ಅಂತ ಕೈ ತೋರಿಸಿದೆ.

"ಅಮ್ಮ, ಅದರೊಳಗೆ ಕೂರೋಳು ನಾನು."

ಸರಿ. ಮುದುಕನೇ.

ಫೆಬ್ರವರಿ ೨೧

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಶೆಡ್ಡಿಗೆ ಬರಹೇಳಿದರು.

ಬಣ್ಣ ಕೀಳುವ ಔಷಧಿ ಸವರಿದಲ್ಲೆಲ್ಲ ಬಣ್ಣ ಹಾಲಿನ ಕೆನೆಯ ಹಾಗೆ ಮುದುಡಿ ನೆಲಕ್ಕೆ ಬಿದ್ದಿತ್ತು. ಬಾಲ ಬೋಳು. ರೆಕ್ಕೆಯ ಬುಡದಲ್ಲಿ ತಗಡೇ ಇಲ್ಲ — ಬಿಳಿ ಪುಡಿ. ಮುದುಕ ಬೆರಳಿಟ್ಟ. ಬೆರಳು ಒಳಗೆ ಹೋಯಿತು.

"ತೊಳೆದು ಒಣಗಿಸದೆ ಬಳಿದಿದ್ದಾರೆ. ಪಸೆ ಒಳಗೇ ಕೂತು ತಿಂದುಹಾಕಿದೆ. ಒಳಗಿನ ತೊಲೆಯೂ ಹೋಗಿದೆ. ಇದು ಇನ್ನು ಹಾರಲ್ಲಮ್ಮ. ಯಾವ ಪುಣ್ಯಾತ್ಮ ಬಳಿದಿದ್ದು?"

"ಗೊತ್ತಿಲ್ಲ," ಅಂದೆ. "ಕೊಳ್ಳುವಾಗಲೇ ಹೀಗಿತ್ತು."

"ನಮ್ಮಪ್ಪ," ಅಂದಳು ಮಗಳು.

ಮುದುಕ ಬೆರಳು ಒರೆಸಿಕೊಂಡ. "ತಪ್ಪು ತಿಳ್ಕೋಬೇಡಮ್ಮ," ಅಂದ, ಅವಳಿಗೆ. ನನ್ನ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಂದೇ ಮಾತು — "ಅಪ್ಪನನ್ನ ಬಿಟ್ಟುಕೊಟ್ಟುಬಿಟ್ಟೆಯಲ್ಲಮ್ಮ."

ಕೋಣೆಯ ಚಿಲಕ ಹಾಕಿಕೊಂಡಿದ್ದಾಳೆ. ಎರಡು ಸಲ ತಟ್ಟಿದೆ.

ಬಿಟ್ಟುಕೊಟ್ಟಿದ್ದಲ್ಲ ಕಣೇ. ಅವರನ್ನ ಯಾರೂ ಒಂದು ಮಾತು ಅನ್ನಬಾರದು ಅಂತ... ಅವರೇ ಇದ್ದಿದ್ದರೆ, ನಾನೇ ಬಳಿದಿದ್ದು ಅಂದುಬಿಡುತ್ತಿದ್ದರು.