ನಂಬರಿಲ್ಲದ ತುಂಡು

ಫೆಬ್ರವರಿ 30, 2187
ಕಾನೂನು ಕಾಲೇಜಿನ ಹಾಸ್ಟೆಲ್, ಓಹಾಯೊ

ಪೂಜ್ಯ ಚೋಂದಮ್ಮಜ್ಜಿಗೆ,

ಮೊದಲಿಗೆ, ಬರೆಯುತ್ತಿರುವುದಕ್ಕೇ ಕ್ಷಮಿಸಿ. ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ನಿಮಗಿನ್ನೂ ಮೂವತ್ನಾಲ್ಕು, ನನಗೆ ಹದಿನೆಂಟು. ತಾರೀಖು ತಪ್ಪಲ್ಲ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಆರನೇ ವಯಸ್ಸಿನಿಂದ ಹಾಸ್ಟೆಲ್‌ನಲ್ಲೇ ಓದಿದವಳು, ಅರ್ಧ ಇಂಗ್ಲಿಷ್‌ನಲ್ಲೇ ಯೋಚಿಸುವವಳು; ಮಾತು ವಿಚಿತ್ರವೆನಿಸಿದರೆ ಸಾರಿ. ಇದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತದೆ. ಒಬ್ಬರಿಗೆ ಜೀವನದಲ್ಲಿ ಒಂದೇ ಕಾಗದ.

ಇಲ್ಲಿ ಪ್ರತಿ ಕೋಣೆಯ ಗೋಡೆಯಲ್ಲೂ ಒಂದು ಕೆಂಪುಕಣ್ಣು ಇದೆ. ಬಂದೂಕಿನ ಸದ್ದಿಗೆ ಹತ್ತಿಕೊಳ್ಳುವ ದೀಪ. ಹತ್ತಿದೊಡನೆ ಮಂಚದ ಕೆಳಗೆ ಮಲಗಬೇಕು. ಅಲ್ಲೇ ದಿಂಬು, ಬಿಸ್ಕತ್ತು, ನೋಟ್ಸ್ ಇಟ್ಟುಕೊಂಡಿದ್ದೇವೆ. ನನ್ನ ರೂಮ್‌ಮೇಟ್ ಫ್ಲೇವಿಯಾಳ ಮನೆಯವರು ಮಂಗಳೂರಿನ ಕಡೆಯವರು. "ಬಾ ಮಾರಾಯ್ತಿ, ನಮ್ಮ ಸೆಕೆಂಡ್ ಹೋಮಿಗೆ" ಎಂದು ನಗಿಸುತ್ತಾಳೆ. ನಮ್ಮ ಕಾಲದಲ್ಲಿ ಬಂದೂಕು ಅರೆತುಂಡುಗಳಾಗಿ ಸಿಗುತ್ತದೆ. ಅರೆತುಂಡೆಂದರೆ ಬೇಕೆಂದೇ ಪೂರ್ತಿ ಮಾಡದೆ ಬಿಟ್ಟ ಭಾಗ. ಪಾರ್ಸೆಲ್ಲಿನಲ್ಲಿ ಮನೆಬಾಗಿಲಿಗೇ ಬರುತ್ತದೆ, ಕೊಂಡವರು ಮನೆಯಲ್ಲೇ ಕೊರೆದು ಜೋಡಿಸಿ ಬಂದೂಕು ಮಾಡಿಕೊಳ್ಳುತ್ತಾರೆ. ಅದಕ್ಕೆ ನಂಬರಿಲ್ಲ, ಕೊಂಡವರ ಹೆಸರನ್ನು ಯಾರೂ ಕೇಳುವುದಿಲ್ಲ.

ಕಳೆದ ತಿಂಗಳು ನನ್ನ ಅಣ್ಣ ಬಿದ್ದಪ್ಪ ತನ್ನ ಹಾಸ್ಟೆಲ್‌ನ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಗುಂಡು ತಗುಲಿ ಸತ್ತ. ಹೊಡೆದವರು ಬಂದೂಕನ್ನು ಅಲ್ಲೇ ಎಸೆದು ಹೋಗಿದ್ದರು. ಪೊಲೀಸರು ತಿರುಗಿಸಿ ಮುರುಗಿಸಿ ನೋಡಿದರು, ಒಂದಂಕಿಯೂ ಇರಲಿಲ್ಲ. ಹನ್ನೊಂದನೇ ದಿನ ಫೈಲ್ ಮುಚ್ಚಿದರು.

ಸಾವಾದರೆ ಎರಡು ಗುಂಡು ಹಾರಿಸುವ ನಮ್ಮ ಕೊಡಗಿನ ಪದ್ಧತಿ ನಿಮಗೆ ಗೊತ್ತು. ಕೇಳಿದವರು ಹೆಗಲು ಕೊಡಲು ಓಡಿ ಬರಲಿ ಎಂದು. ಅಮ್ಮ "ಬೇಡ ಸೋಮಯ್ಯ, ಸಾಕು ಈ ಸದ್ದು" ಅಂದರು. ಮಾವ "ಅವನೇನು ಅನಾಥನಾ ಅಕ್ಕ?" ಎಂದು ಆಕಾಶಕ್ಕೆ ಹಾರಿಸಿಯೇಬಿಟ್ಟರು. ಅಣ್ಣನ ಗೆಳೆಯರು ಅರವತ್ತು ಮಂದಿ ಬಂದಿದ್ದರು. ಅಷ್ಟೂ ಮಂದಿ ಕುರ್ಚಿಗಳ ಕೆಳಗೆ ನುಸುಳಿದರು. ನಾನೂ. ಅಮ್ಮ ಒಬ್ಬರೇ ಅವನ ಪಕ್ಕದಲ್ಲಿ ನಿಂತಿದ್ದರು. ಹೆಗಲು ಕೊಡಲು ಮಾವ ಒಬ್ಬೊಬ್ಬರನ್ನೇ ಕೈ ಹಿಡಿದು ಎಬ್ಬಿಸಬೇಕಾಯಿತು.

ಮೊನ್ನೆ ಹಳೇ ಕೇಸುಗಳ ಕ್ಲಾಸಿನಲ್ಲಿ ನನ್ನ ಪಾಲಿಗೆ ಬಂದದ್ದು ನೀವು 2029ರಲ್ಲಿ ಇಲ್ಲಿ ಅಮೆರಿಕದ ಕೋರ್ಟಿಗೆ ವಕೀಲರಾಗಿ ಹಾಕಲಿರುವ ಅರ್ಜಿ. ಅರೆತುಂಡಿಗೂ ನಂಬರ್ ಬೇಕೆಂದು ಫೆಡರಲ್ ಏಜೆನ್ಸಿ ಮಾಡಿದ ನಿಯಮವನ್ನು ರದ್ದುಪಡಿಸಿ ಎಂಬ ಅರ್ಜಿ. ಪೂರ್ತಿಯಾಗದ್ದು ಬಂದೂಕಲ್ಲ, ಶಾಸನ ಕೊಡದ ಅಧಿಕಾರ ಏಜೆನ್ಸಿಗಿಲ್ಲ ಎಂದು ನಿಮ್ಮ ವಾದ. ಕೋರ್ಟು ಒಪ್ಪಿತು. ಲೆಕ್ಚರರ್ ಕೂಡ ಹೊಗಳಿದರು. ಕೊನೆಯ ಪುಟದಲ್ಲಿ ನಿಮ್ಮ ಸಹಿ ನೋಡಿ ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಕೈಲ್‌ಪೊಳ್ದ್ ಹಬ್ಬಕ್ಕೆ ನಿಮ್ಮ ತಂದೆ ಬಂದೂಕಿಗೆ ಹೂವಿಟ್ಟು ಕೈಮುಗಿಯುತ್ತಿದ್ದರು, ಅಂಥದ್ದನ್ನು ಸರ್ಕಾರ ಮುಟ್ಟಬಾರದು ಎಂದು ಅದರಲ್ಲಿ ಬರೆದಿದ್ದೀರಿ. ಅಜ್ಜಿ, ಆ ಬಂದೂಕು ಯಾರ ಮನೆಯದೆಂದು ಊರಿಗೆಲ್ಲ ಗೊತ್ತಿತ್ತು. ಅಣ್ಣನನ್ನು ಕೊಂದದ್ದು ಯಾರ ಮನೆಯದೂ ಅಲ್ಲ. ನೀವು ಎರಡನ್ನೂ ಒಂದೇ ಅಂದುಕೊಂಡಿರಿ.

ಕೋಪ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ನಿಮ್ಮ ಫೋಟೋದಲ್ಲಿರುವುದು ಅಣ್ಣನದೇ ಮೂಗು. ಈ ಕಾಗದ ತಲುಪುವಾಗ ನಿಮ್ಮ ಸಹಿಗೆ ಇನ್ನೂ ನಾಲ್ಕು ದಿನವಿರುತ್ತದೆ. ನೀವಲ್ಲದಿದ್ದರೆ ಇನ್ನೊಬ್ಬ ವಕೀಲರು ಹಾಕುತ್ತಾರೇನೋ, ಕೋರ್ಟು ಆಗಲೂ ಒಪ್ಪುತ್ತದೇನೋ, ನನಗೆ ಗೊತ್ತಿಲ್ಲ. ಆದರೂ ಹಾಕಬೇಡಿ, ಪ್ಲೀಸ್.

ಇದೇ ಲಕೋಟೆಯಲ್ಲಿಟ್ಟರೆ ಉತ್ತರ ನನಗೆ ಬರುತ್ತದೆ. ಹಾಕುತ್ತೀರೋ ಇಲ್ಲವೋ, ಒಂದೇ ಸಾಲು ಸಾಕು. ಬೇಗ ಬರೆಯಿರಿ.

ನಿಮ್ಮ,
ದೇಚಮ್ಮ