ಎಲೆ ಗಾಡಿಯ ಕೆಂಪು ಬಳೆ

ಬಂಕಾಪುರ
12 ಫೆಬ್ರವರಿ 2025

ಹತ್ತಿಮತ್ತೂರಿನ ಉಡಚವ್ವ ಅವ್ವಾರಿಗೆ,

ಬಂಕಾಪುರದ ಮಾಸೂಮಾಳ ಸಲಾಮು. ಹದಿಮೂರು ದಿನದ ಹಿಂದೆ ನನ್ನ ಗಂಡನ ಜೊತೆ ನಿಮ್ಮ ಮನೆಗೆ ಬಂದು, ತೀರಿಹೋದ ನಿಮ್ಮ ಯಜಮಾನರು ಮಾರೆಪ್ಪನವರ ಮಟಾಡೋರ್ ಗಾಡಿಯ ಪುಟ್ಟ ಮಾದರಿಯನ್ನು ನಿಮ್ಮ ಕೈಗಿಟ್ಟವಳು ನಾನೇ. ನನ್ನ ಹೆಸರು ಕಂಡ ಕೂಡಲೇ ಪತ್ರ ಮಡಚಿಡಬೇಡಿ. ಎರಡು ಸಲ ಫೋನ್ ಮಾಡಿದೆ, ನೀವು ಮಾತಾಡಲು ಒಲ್ಲೆ ಅಂದಿರಂತೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಫೋನನ್ನೇ ಹಾಳು ಬಾವಿಗೆ ಎಸೆಯುತ್ತಿದ್ದೆ. ಆದರೆ ನೀವು ಅಂಗನವಾಡಿಯಲ್ಲಿ ಮೂವತ್ತು ವರ್ಷ ಊರ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವರು, ಕೈಗೆ ಬಂದ ಪತ್ರವನ್ನು ಓದದೆ ಬಿಡಲಾರಿರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ಆ ಗಾಡಿಯ ಮುಂದಿನ ಗಾಜಿನ ಹಿಂದೆ ನೀವು ಕಂಡ ಕೆಂಪು ಬಳೆ ನನ್ನದು.

ಇಷ್ಟು ಹೇಳಿದರೆ ನೀವು ನಂಬುವುದಿಲ್ಲ, ಗೊತ್ತು. ಮುದುಕಿಯ ಮನಸ್ಸು ನೋಯಬಾರದೆಂದು ಈ ಹೆಣ್ಣುಮಗಳು ಕಥೆ ಕಟ್ಟುತ್ತಿದ್ದಾಳೆ ಅಂದುಕೊಳ್ಳುತ್ತೀರಿ. ಅದಕ್ಕೇ ಮೊದಲಿಂದ ಬರೆಯುತ್ತೇನೆ, ಸಾಕ್ಷಿಯನ್ನೂ ಜೊತೆಗಿಡುತ್ತೇನೆ.

ನಾನು ಮದುವೆ ಮನೆಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯುವವಳು. ಮದುವೆ ಇಲ್ಲದ ದಿನ ಕ್ಯಾಮರಾ ಹೆಗಲಿಗೆ ಹಾಕಿಕೊಂಡು, ಸ್ಕೂಟಿ ಹತ್ತಿ, ಯಾರಿಗೂ ಬೇಡವಾಗಿ ನಿಂತ ಗಾಡಿ, ಬಾಗಿಲು ಮುಚ್ಚಿದ ಕಟ್ಟಡ ಹುಡುಕಿಕೊಂಡು ಹೋಗುತ್ತೇನೆ. ಹಿರೇಬೆಂಡಿಗೇರಿಯ ಬೇವಿನ ಗಿಡದ ಕೆಳಗೆ ಮಣ್ಣಲ್ಲಿ ಅರ್ಧ ಹುಗಿದ ಟ್ರ್ಯಾಕ್ಟರು, ಹಾನಗಲ್ಲಿನ ಹತ್ತಿರ ಕೋಳಿಗೂಡಾದ ಬಸ್ಸು, ರಟ್ಟೀಹಳ್ಳಿಯ ಕಡೆ ಚಾವಣಿ ಬಿದ್ದ ಅಕ್ಕಿ ಗಿರಣಿ, ಎಲ್ಲ ನನ್ನ ಹತ್ತಿರ ಇವೆ. ನಮ್ಮತ್ತೆ ಮೊದಮೊದಲು, ಮದುಮಗಳ ಫೋಟೋ ತೆಗೆಯೋ ಕೈಯಿಂದ ಹೆಣದ ಫೋಟೋ ತೆಗೀತಾಳೆ ಅಂತ ಬೈಯುತ್ತಿದ್ದರು. ಈಗ ಅವರೇ ದಾರಿಯಲ್ಲಿ ತುಕ್ಕು ಹಿಡಿದ ಲಾರಿ ಕಂಡರೆ ಬಂದು ಹೇಳುತ್ತಾರೆ.

ನಮ್ಮ ಮನೆಯವರು ಮುಸ್ತಾಕ ಆ ಫೋಟೋ ಮುಂದಿಟ್ಟುಕೊಂಡು ಮಾದರಿ ಕಟ್ಟುತ್ತಾರೆ. ಹೊಟ್ಟೆಪಾಡಿಗೆ ಅವರದು ಟ್ರಂಕು, ಡಬ್ಬಿ ಮಾಡುವ ತಗಡಿನ ಅಂಗಡಿ. ಆದರೆ ಅವರ ಜೀವ ಇರುವುದು ಈ ಪುಟ್ಟ ಗಾಡಿಗಳಲ್ಲಿ. ನಿಜವಾದ ಗಾಡಿಯ ಒಂದು ಅಡಿ ಅವರ ಕೈಯಲ್ಲಿ ಅರ್ಧ ಇಂಚು. ಅದಕ್ಕೆ ನಾನು ದರ್ಜಿಯ ಟೇಪು ಹಿಡಿದು ಬಾಗಿಲು, ಚಕ್ರ, ದೀಪದ ದುಂಡು ಎಲ್ಲ ಅಳೆದು ಬರಬೇಕು. ಎಣ್ಣೆ ಡಬ್ಬಿಯ ತಗಡು ಮೈಯಾಗುತ್ತದೆ, ಸವೆದ ಹವಾಯಿ ಚಪ್ಪಲಿಯ ರಬ್ಬರು ಟೈರಾಗುತ್ತದೆ, ತೊಳೆದ ಎಕ್ಸರೇ ಹಾಳೆ ಗಾಜಾಗುತ್ತದೆ. ತುಕ್ಕಿಗೆ ಮಾತ್ರ ಅವರು ಬಣ್ಣ ಹಚ್ಚುವುದಿಲ್ಲ. ಹಳೆ ಮೊಳೆಗಳನ್ನು ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ನಿಜವಾದ ತುಕ್ಕನ್ನೇ ಕೆರೆದು, ಮಲ್ಮಲ್ ಬಟ್ಟೆಯಲ್ಲಿ ಸೋಸಿ ಹಚ್ಚುತ್ತಾರೆ. ಗಾಡಿ ನಿಂತ ಜಾಗದ ಮಣ್ಣನ್ನು ನಾನು ಪೊಟ್ಟಣ ಕಟ್ಟಿ ತಂದುಕೊಡದಿದ್ದರೆ ಚಕ್ರಕ್ಕೆ ಧೂಳು ಹಾಕುವುದಿಲ್ಲ. ಹೊಗಳುತ್ತಿದ್ದೇನೆ ಅನ್ನಬೇಡಿ. ಹದಿನಾಲ್ಕು ವರ್ಷದಿಂದ ಪಕ್ಕದಲ್ಲಿ ಕೂತು ನೋಡುತ್ತಿದ್ದೇನೆ, ಇವತ್ತಿಗೂ ಅವರು ಚಿಮಟ ಹಿಡಿದು ಉಸಿರು ಬಿಗಿಹಿಡಿದರೆ ನನ್ನ ಉಸಿರೂ ನಿಲ್ಲುತ್ತದೆ.

ಅವರಿಗೆ ಒಂದೇ ಹಟ. ಫೋಟೋದಲ್ಲಿ ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ಒಮ್ಮೆ ಶಿಗ್ಗಾಂವಿಯಲ್ಲಿ ಯಾರೋ ತಮ್ಮ ಹಳೆ ಜೀಪಿನ ಬಾನೆಟ್ಟಿನ ಮೇಲೆ ಚೆಂದ ಕಾಣಲೆಂದು ಹಳೆ ಲಾಂದ್ರ ಇಟ್ಟು ಫೋಟೋ ಕಳಿಸಿದ್ದರು. ಅದು ಗೊತ್ತಾದ ಮೇಲೆ, ಮುಗಿಯಲು ಬಂದಿದ್ದ ಜೀಪನ್ನು ಹಾಗೇ ವಾಪಸು ಕೊಟ್ಟರು. ಈ ಮಾತು ನೆನಪಿಟ್ಟುಕೊಳ್ಳಿ, ನನ್ನ ಹೇಡಿತನ ನಿಮಗೆ ಆಮೇಲೆ ಅರ್ಥವಾಗುತ್ತದೆ.

ನಿಮ್ಮ ಮಗ ಹಾಲೇಶ ಕಳೆದ ಅಕ್ಟೋಬರಿನಲ್ಲಿ ನಮ್ಮ ಅಂಗಡಿಗೆ ಬಂದಿದ್ದ. ಹತ್ತಿ ಗಿರಣಿಯ ಜಾಗ ಖಾಲಿ ಮಾಡಿಸುತ್ತಿದ್ದಾರೆ, ಅಪ್ಪ ನಿಲ್ಲಿಸಿ ಹೋದ ಗಾಡಿ ಗುಜರಿಗೆ ಹೋಗುತ್ತದೆ, ಅದಕ್ಕೂ ಮೊದಲು ಅವ್ವನಿಗೆ ಅಂತ ಒಂದು ಮಾದರಿ ಮಾಡಿಕೊಡಿ ಅಂದ. ಮರುದಿನವೇ ನಾನೊಬ್ಬಳೇ ಹೋದೆ. ಬಾಗಿಲು ಮುಚ್ಚಿದ ಆ ಗಿರಣಿ, ಗೋಡೆ ತುಂಬ ಹಬ್ಬಿದ ಬಳ್ಳಿ, ಅಂಗಳದಲ್ಲಿ ಆಕಾಶದ ಬಣ್ಣ ಬಿಸಿಲಿಗೆ ತೊಳೆದುಹೋದ ಮಟಾಡೋರ್. ಇಪ್ಪತ್ತಾರು ವರ್ಷ ಸವಣೂರಿನ ವೀಳ್ಯದೆಲೆ ಪೆಂಡಿ ಹೊತ್ತು ಹುಬ್ಬಳ್ಳಿಗೆ ಓಡಿದ ಗಾಡಿ. ಬಾಗಿಲು ತೆಗೆದರೆ ಇನ್ನೂ ಎಲೆಯ ವಾಸನೆ ಇತ್ತು, ಅವ್ವಾರೇ. ನನಗೆ ಅಂಥ ಸಂತೋಷ ಎಷ್ಟೋ ತಿಂಗಳಿಂದ ಆಗಿರಲಿಲ್ಲ.

ಆ ಸಂತೋಷದಲ್ಲೇ ತಪ್ಪು ಮಾಡಿದೆ. ಮುಂದಿನ ಗಾಜಿನ ಮೂಲಕ ಒಂದು ಫೋಟೋ ತೆಗೆದು ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ಕರ್ರಗೆ ಒಣಗಿದ ಏನೇನೋ ಬಿದ್ದಿದ್ದವು, ನೋಡಲು ಚೆಂದ ಕಾಣಲಿಲ್ಲ. ಕಸ ಅಂತ ಬಾಚಿ ಕಿಟಕಿಯಿಂದ ಜಾಲಿ ಪೊದೆಗೆ ಒಗೆದೆ. ಖಾಲಿಯಾದ ಮೇಲೆ ಬರೀ ನೀಲಿ, ಬರೀ ಧೂಳು. ಒಂದು ಚುಕ್ಕೆ ಕೆಂಪಿದ್ದರೆ ಫೋಟೋಕ್ಕೆ ಜೀವ ಬರುತ್ತದೆ ಅನ್ನಿಸಿತು. ಕೈಯಲ್ಲಿದ್ದ ಡಜನ್ ಬಳೆಯಲ್ಲಿ ಒಂದನ್ನು ತೆಗೆದು ಅಲ್ಲಿಟ್ಟೆ, ಫೋಟೋ ಹೊಡೆದೆ, ಮತ್ತೆ ಕೈಗೇರಿಸಿಕೊಂಡೆ. ಇಷ್ಟೇ. ಇದಕ್ಕೆ ಹಿಡಿದದ್ದು ಒಂಬತ್ತು ನಿಮಿಷ.

ಮನೆಗೆ ಬಂದು ಮುಸ್ತಾಕರಿಗೆ ಎರಡನೆಯ ಫೋಟೋ ಮಾತ್ರ ಕೊಟ್ಟೆ. ಅವರು ಅದನ್ನೇ ನಂಬಿ ಮೂರು ತಿಂಗಳು ಕೂತರು. ಸುಟ್ಟ ಮೋಟಾರಿನ ತಾಮ್ರದ ತಂತಿ ಸುತ್ತಿ, ಕೆಂಪು ಹಚ್ಚಿ, ಎಳ್ಳು ಕಾಳಿನಷ್ಟು ಬಳೆ ಮಾಡಿದರು. ನಾನು ಅದೇ ಬಳೆ ತೊಟ್ಟ ಕೈಯಿಂದ ಚಾ ತಂದಿಡುತ್ತಿದ್ದೆ. ಅವರು ಫೋಟೋದ ಬಳೆ ನೋಡಿದರೇ ಹೊರತು ನನ್ನ ಕೈ ನೋಡಲಿಲ್ಲ. ಅವತ್ತು ನನಗೆ ನಗು ಬರುತ್ತಿತ್ತು.

ಆಮೇಲೆ ನಿಮ್ಮ ಮನೆ. ಗಾಡಿಯನ್ನು ಅಂಗೈ ಮೇಲಿಟ್ಟುಕೊಂಡು ನೀವು ಎಡಗಡೆಯ ಬಾಗಿಲಿನ ತಗ್ಗು ಸವರಿ, ಇದು ಸವಣೂರಿನ ಎಲೆ ಮಾರ್ಕೆಟ್ಟಿನ ಕಂಬಕ್ಕೆ ಬಡಿದದ್ದು, ಅವತ್ತು ಮನೆಗೆ ಬಂದು ಕಂಬಕ್ಕೇ ಬೈದರು ಅಂತ ನಕ್ಕಿರಿ. ಮುಸ್ತಾಕರ ಮುಖ ಆಗ ಹೇಗೆ ಅರಳಿತ್ತು ಅಂತೀರಿ! ಆಮೇಲೆ ಕನ್ನಡಕ ಒರೆಸಿಕೊಂಡು ಗಾಜಿನೊಳಗೆ ಇಣುಕಿದಿರಿ. ಹಾಲೇಶನಿಗೆ ಕಾಣಲಿಲ್ಲ, ನೋಡಲು ಬಂದ ಹತ್ತು ಮಂದಿಗೆ ಕಾಣಲಿಲ್ಲ, ನಿಮಗೆ ಕಂಡಿತು.

"ಈ ಕೆಂಪು ಬಳಿ ಯಾರದವ್ವಾ?" ಅಂದಿರಿ. "ನಾ ಹಸರ ಬಿಟ್ಟು ಬ್ಯಾರೆ ಇಟ್ಟಾಕಿ ಅಲ್ಲ."

ಆಗಲೇ ಹೇಳಬೇಕಿತ್ತು. ಪಕ್ಕದಲ್ಲಿ ಮುಸ್ತಾಕರಿದ್ದರು. ಅವರ ಮೂರು ತಿಂಗಳ ಕೆಲಸ ಒಂದು ಮಾತಿಗೆ ಸುಳ್ಳಾಗುತ್ತದೆ, ಶಿಗ್ಗಾಂವಿಯ ಲಾಂದ್ರದವನಿಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ ಅಂತ ಹೆದರಿದೆ. ಯಾವುದೋ ಪ್ಯಾಸೆಂಜರದ್ದಿರಬೇಕು ಅಂದುಬಿಟ್ಟೆ. ನೀವು ನನ್ನ ಕಡೆ ನೋಡಲೂ ಇಲ್ಲ. "ಎಲಿ ಗಾಡ್ಯಾಗ ಪ್ಯಾಸೆಂಜರ್ ಯಾರವ್ವಾ? ನನಗ ಆ ಗಾಡಿ ಹತ್ತಿದ್ರ ವಾಂತಿ ಬರ್ತಿತ್ತು. ಹಾನಗಲ್ಲ ಲಗ್ನಕ್ಕ ಹೋಗಿ ಬಂದ ಮ್ಯಾಲ, ಅವರು ತೀರಿಹೋಗೂತನಕ ನಾಕು ವರ್ಷ ಹತ್ತಲೇ ಇಲ್ಲ. ಬಾಜೂ ಸೀಟು ಖಾಲಿ ಇತ್ತು, ಯಾರರೆ ಕುಂತಿರಬೇಕು" ಅಂದಿರಿ. ಅಷ್ಟಾದರೂ ಚಾ ಕುಡಿಸದೆ ನಮ್ಮನ್ನು ಕಳಿಸಲಿಲ್ಲ.

ಮೊನ್ನೆ ಹಾಲೇಶ ಫೋನಿನಲ್ಲಿ, ಅವ್ವ ಅಪ್ಪನ ಫೋಟೋಕ್ಕೆ ದೀಪ ಹಚ್ಚುವುದನ್ನು ಬಿಟ್ಟಿದ್ದಾಳೆ, ಗಾಡಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾಳೆ ಅಂದ. ಅವನಿಗೆ ಕಾರಣ ಗೊತ್ತಿಲ್ಲ, ಕೇಳಲು ಧೈರ್ಯವೂ ಇಲ್ಲ. ನಾನು ಫೋನಿಟ್ಟು ಅಡುಗೆಮನೆಗೆ ಹೋದೆ. ಸಾರಿಗೆ ಹಿಂಡಲು ನಿಂಬೆಹಣ್ಣು ಕೊಯ್ದವಳು ಹಾಗೇ ನಿಂತೆ. ವಾಂತಿ ಬರುತ್ತಿತ್ತು ಅಂದಿದ್ದಿರಿ. ಅವತ್ತು ನಾನು ಕಸ ಅಂತ ಬಾಚಿ ಒಗೆದದ್ದು ಒಣಗಿದ ನಿಂಬೆಹಣ್ಣು, ಅವ್ವಾರೇ. ದೃಷ್ಟಿಗೆ ಕಟ್ಟಿದ್ದು ಉದುರಿರಬೇಕು ಅಂದುಕೊಂಡಿದ್ದೆ. ದೃಷ್ಟಿಗಾದರೆ ಮೆಣಸಿನಕಾಯಿ ಇರಬೇಕಿತ್ತು, ದಾರ ಇರಬೇಕಿತ್ತು. ಅದೇನೂ ಇರಲಿಲ್ಲ. ಹಣೆ ಹಣೆ ಬಡಿದುಕೊಂಡೆ.

ಅವತ್ತೇ ಸವಣೂರಿಗೆ ಹೋಗಿ, ಆ ಗಾಡಿಯನ್ನು ಇಪ್ಪತ್ತು ವರ್ಷ ರಿಪೇರಿ ಮಾಡಿದ ಗ್ಯಾರೇಜಿನ ಮೆಹಬೂಬರನ್ನು ಕೇಳಿದೆ. ಅವರು ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ಎಲ್ಲ ಹೇಳಿದರು. ಮಾರೆಪ್ಪನವರು ಪ್ರತಿ ಸಂತೆಗೂ ಒಂದು ನಿಂಬೆಹಣ್ಣು ತಂದು ನಿಮ್ಮ ಸೀಟಿನ ಎದುರಿಗೆ ಇಡುತ್ತಿದ್ದರಂತೆ. ನೀವು ಹತ್ತುವುದನ್ನು ಬಿಟ್ಟ ನಾಲ್ಕು ವರ್ಷವೂ ಬಿಡಲಿಲ್ಲವಂತೆ. ಒಣಗಿದವು ಹೆಚ್ಚಾದಾಗ ಮೆಹಬೂಬರೇ ತೆಗೆದು ಒಗೆಯುತ್ತಿದ್ದರು. ಹತ್ತದವರಿಗೆ ಯಾಕ್ರೀ ಹಣ್ಣು ಅಂತ ಒಮ್ಮೆ ಚೇಷ್ಟೆ ಮಾಡಿದ್ದಕ್ಕೆ ಮಾರೆಪ್ಪನವರು ಹೇಳಿದ ಮಾತನ್ನು ಮೆಹಬೂಬರು ಹೇಗೆ ಹೇಳಿದರೋ ಹಾಗೇ ಬರೆಯುತ್ತೇನೆ.

"ಅಕಿ ಯಾವತ್ತು ಹತ್ತೇನಿ ಅಂತಾಳೋ ಯಾರಿಗ್ಗೊತ್ತು. ಅವತ್ತ ಹಣ್ಣಿಲ್ಲಂದ್ರ ಹೆಂಗ?"

ಒಂದು ಹಣ್ಣನ್ನು ಮಾತ್ರ ಯಾವತ್ತೂ ಒಗೆಯಗೊಡಲಿಲ್ಲವಂತೆ. ಎಲ್ಲಕ್ಕಿಂತ ಹಳೆಯದು, ಕಲ್ಲಿನಂತಾದದ್ದು. ನೀವು ಹಾನಗಲ್ಲಿನ ದಾರಿಯಲ್ಲಿ ಉಗುರಿನಿಂದ ಗೀರಿ ಮೂಸಿದ್ದು. ಬಾಜೂ ಸೀಟು ಖಾಲಿ ಇತ್ತು ಅಂದಿರಿ. ಖಾಲಿಯೇ ಇತ್ತು, ಅವ್ವಾರೇ. ನಿಮಗಂತ ಕಾಯ್ದು ಇಟ್ಟಿದ್ದರು. ಇಂಥ ಮನುಷ್ಯರನ್ನು ನಾನು ಕಣ್ಣಾರೆ ನೋಡಲಿಲ್ಲವಲ್ಲ ಅಂತ ಬೇಜಾರಾಗುತ್ತದೆ.

ಅಲ್ಲಿಂದ ಗಿರಣಿಗೆ ಓಡಿದೆ. ಗಾಡಿ ಗುಜರಿಗೆ ಹೋಗಿದೆ, ಜೆಸಿಬಿ ಹೊಡೆದು ಜಾಗ ಸಪಾಟು ಮಾಡಿದ್ದಾರೆ, ಜಾಲಿ ಪೊದೆಯೂ ಇಲ್ಲ. ಹಣ್ಣು ಸಿಗಲಿಲ್ಲ. ಉಳಿದದ್ದು ನಾನು ಮುಚ್ಚಿಟ್ಟ ಮೊದಲ ಫೋಟೋ ಒಂದೇ. ಎರಡೂ ಫೋಟೋ ಇದರ ಜೊತೆಗಿವೆ, ಮೂಲೆಯಲ್ಲಿ ಹೊಡೆದ ಹೊತ್ತು ಅಚ್ಚಾಗಿದೆ, ಒಂಬತ್ತು ನಿಮಿಷದ ಅಂತರ. ಮೊದಲನೆಯದರಲ್ಲಿ ಆರು ಹಣ್ಣಿವೆ, ಬಳೆ ಇಲ್ಲ. ಬಳೆಯನ್ನೂ ಕಳಿಸುತ್ತಿದ್ದೇನೆ. ಅದರ ಬಂಗಾರ ಬಣ್ಣದ ಗೆರೆ ಒಂದು ಕಡೆ ಅಳಿಸಿದೆ, ಫೋಟೋದ ಪಕ್ಕದಲ್ಲಿಟ್ಟು ನೋಡಿ.

ಕ್ಷಮಿಸಿ ಅಂತ ಕೇಳಲು ಮುಖವಿಲ್ಲ. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ, ನಿಮ್ಮ ಯಜಮಾನರ ಫೋಟೋದ ಮುಂದೆ ದೀಪ ಹಚ್ಚಿ. ಇದೆಲ್ಲ ಮುಸ್ತಾಕರಿಗೆ ಇನ್ನೂ ಗೊತ್ತಿಲ್ಲ. ಲಕೋಟೆ ಅಂಟಿಸುವ ಮೊದಲು ಈ ಪತ್ರವನ್ನು ಅವರ ಕೈಗೆ ಕೊಡುತ್ತೇನೆ. ಅವರು ನನ್ನ ಕ್ಯಾಮರಾ ಕಸಿದುಕೊಂಡರೂ ತಪ್ಪೇನಿಲ್ಲ.

ನಿಮ್ಮ ಮನೆಯ ಚಾದ ಋಣದಲ್ಲಿರುವ,
ಮಾಸೂಮಾ

ತಾ.ಕ.: 13ನೇ ತಾರೀಖು, ಮಧ್ಯಾಹ್ನ. ಮುಸ್ತಾಕರು ಓದಿದರು. ಬೈಯಲಿಲ್ಲ. ನನ್ನ ಕೈ ಹಿಡಿದು ಬಳೆ ಎಣಿಸಿ, ಮೂರು ತಿಂಗಳು ಈ ಕೈಯಿಂದಲೇ ಚಾ ಕುಡಿದೆ, ನನಗೆ ಕಾಣಲಿಲ್ಲವಲ್ಲ ಅಂದರು. ಆಮೇಲೆ ನನ್ನ ಸಾಸಿವೆ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದರು. ಲೆಕ್ಕ ಹಾಕಿದರೆ ಒಣಗಿದ ನಿಂಬೆಹಣ್ಣು ಅವರ ಅಳತೆಯಲ್ಲಿ ಸರಿಯಾಗಿ ಒಂದು ಸಾಸಿವೆ ಕಾಳು. ಬಣ್ಣವೂ ಅದೇ, ಏನೂ ಹಚ್ಚುವುದು ಬೇಕಾಗಿಲ್ಲ. ಬೆಂಕಿಪೊಟ್ಟಣದಲ್ಲಿ ಆರು ಕಾಳು ಇಟ್ಟಿದ್ದಾರೆ. ಗಾಡಿಯ ಮುಂದಿನ ಗಾಜನ್ನು ಕೂದಲ ಪಿನ್ನಿನಿಂದ ಮೀಟಿದರೆ ಕಳಚುತ್ತದೆ, ಬಳೆ ಕಿತ್ತು, ಒಂದು ಹನಿ ಅಂಟಿನ ಮೇಲೆ ಇವನ್ನು ನೀವೇ ಕೈಯಾರೆ ಇಡಬೇಕಂತೆ.

ಆರರಲ್ಲಿ ಒಂದು ಕಾಳಿನ ಮೇಲೆ ಸೂಜಿಮೊನೆಯಿಂದ ಉಗುರಿನ ಗೀರು ಹಾಕಿದ್ದಾರೆ. ನಾನು ಭೂತಗನ್ನಡಿ ಹಿಡಿದು ಹುಡುಕಬೇಕಾಯಿತು. ಇಷ್ಟು ಸಣ್ಣದು ಯಾರಿಗೆ ಕಾಣಬೇಕು ಅಂದೆ. ಅವರು ತಲೆ ಎತ್ತದೆ ಹೇಳಿದರು: "ಅವ್ವಾರಿಗೆ ಕಾಣತೈತಿ."