ಅರಗು ಹಾಕಿದ ತಾಯತ

ಚನ್ನಗಿರಿ
6 ನವೆಂಬರ್ 2024, ಬುಧವಾರ

ಪ್ರೀತಿಯ ಮಗಳು ರುಹೀನಾಳಿಗೆ,

ಅಸ್ಸಲಾಮು ಅಲೈಕುಮ್. ಜಗಳೂರಿನಲ್ಲಿ ನೀನು, ಖಲೀಲ್, ನಿನ್ನ ಅತ್ತೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಂಬಿದ್ದೇನೆ ಅಂದರೆ ಸಾಲದು, ಈ ಹೊತ್ತು ಅದೊಂದನ್ನೇ ಬೇಡುತ್ತಾ ಕೂತಿದ್ದೇನೆ. ಪತ್ರ ತಡವಾಯಿತು, ಮಾಫ್ ಮಾಡು. ನೀನು ಬಂದು ಹೋದ ಮರುದಿನವೇ ಬರೆಯಬೇಕಿತ್ತು. ನನ್ನ ಉರ್ದು ನಿನಗೆ ಓದಲು ಬಾರದು, ನನ್ನ ಕನ್ನಡ ಅಕ್ಷರ ಕಂಡರೆ ಚಿಕ್ಕಂದಿನಿಂದ ನಗುತ್ತೀಯ. ನಕ್ಕರೆ ನಗು, ಆದರೆ ಪೂರ್ತಿ ಓದು.

ನೀನು ನನ್ನ ಫೋನ್ ಎತ್ತುವುದಿಲ್ಲ. ಬೆಳಿಗ್ಗೆ ನಿನ್ನ ಅಮ್ಮಿ ಮಾಡಿದರೂ, ನಾನೇ ಮಾಡಿಸಿದ್ದೆಂದು ಎತ್ತಲಿಲ್ಲ. ಕೊನೆಗೆ ಖಲೀಲ್‌ಗೆ ಮಾಡಿದೆ. ಎಲ್ಲೋ ಕುರಿ ವ್ಯಾಪಾರದಲ್ಲಿದ್ದರು. "ರುಹೀನಾ ಸೊಂಟದಾಗೆ ನಾನು ಕಳಿಸಿದ ತಾಯತ ಐತಲ್ರೀ, ಈಗಿಂದೀಗ್ಲೇ ದಾರ ಕತ್ತರಿಸಿ ತೆಗೀರಿ. ಕೈಯಾಗೆ ಹಿಡೀಬ್ಯಾಡ್ರಿ, ಇಕ್ಕಳದಾಗೆ ಹಿಡಿದು ಮನೆಯಿಂದ ದೂರ ಇಡ್ರಿ. ಬಿಚ್ಚಾಕೆ ಹೋಗ್ಬ್ಯಾಡ್ರಿ" ಅಂದೆ. "ಯಾಕ್ ಮಾವಾ, ಏನಾತು?" ಅಂದರು. ಅಳಿಯನ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಮನೆಗೆ ಹೋಗಿ ಫೋನ್ ಮಾಡುತ್ತೇನೆ ಅಂದಿದ್ದಾರೆ. ಅದಕ್ಕೆ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ.

ನನಗೆ ಕಿಡ್ನಿಯಲ್ಲಿ ಕಲ್ಲಾಗಿತ್ತು ಎಂದು ನಿನಗೆ ಹೇಳಿಸಿದ್ದೆ. ಅದು ಸುಳ್ಳು. ಮೂತ್ರದ ದಾರಿಯ ಪಕ್ಕ ಗಂಡಸರಿಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದಂತೆ, ನನಗೆ ಅಲ್ಲಿ ಕ್ಯಾನ್ಸರ್. ಮಗಳ ಎದುರು ಹೇಳುವ ಜಾಗವಲ್ಲ ನೋಡು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮಾದರಿಗೆಂದು ಒಂದು ಖಾಲಿ ಕಾಳು ತೋರಿಸಿದರು. ಅಕ್ಕಿಕಾಳಿಗಿಂತ ಸಣ್ಣ ಲೋಹದ ಕೊಳವೆ, ಎರಡೂ ತುದಿ ಮುಚ್ಚಿದೆ. ಒಳಗೆ ವಿಕಿರಣದ ಔಷಧ. ಇಂಥವನ್ನು ಸೂಜಿಯಿಂದ ಗ್ರಂಥಿಯೊಳಗೇ ನೆಡುತ್ತಾರೆ, ಮತ್ತೆ ತೆಗೆಯುವುದಿಲ್ಲ. ತಿಂಗಳುಗಟ್ಟಲೆ ಅಲ್ಲೇ ಕೂತು ರೋಗವನ್ನು ಸುಡುತ್ತಾ ತಾವೂ ತಣ್ಣಗಾಗುತ್ತವೆ. "ಇದು ನಮ್ಮ ತಾಯತಾನೇ ಅಲ್ವೇನ್ರೀ ಡಾಕ್ಟ್ರೇ, ಇರುವೆ ಕಟ್ಕಳೋ ಅಂಥದ್ದು" ಅಂದೆ. ಅವರು ಬಹಳ ನಕ್ಕರು. ನನಗೆ ಮಾತ್ರ ಆಡಿದ ಮೇಲೆ ಮೈ ಜುಮ್ಮೆಂದಿತು.

ತಾಯತಕ್ಕೆ ಅರಗು ಹಾಕುವ ನಮ್ಮ ಕಸುಬಿನ ಕಟ್ಟಳೆ ನಿನಗೆ ಗೊತ್ತು. ಕೊಳವೆಯೊಳಗೆ ಏನು ತುಂಬಿದ್ದಾರೆಂದು ಅರಗು ಹಾಕುವವನು ನೋಡಬಾರದು, ಕೇಳಲೂಬಾರದು. ನಿನ್ನ ದಾದಾ, ನನ್ನ ಅಪ್ಪ, ಕಲಿಸಿದ್ದು ಅದು. ಈ ಊರಲ್ಲಿ ಎಷ್ಟು ಜನರ ಕೊರಳಿಗೆ, ತೋಳಿಗೆ, ಸೊಂಟಕ್ಕೆ ನಾನು ಮುಚ್ಚಿ ಕೊಟ್ಟಿದ್ದೇನೋ. ಈಗ ಯಾರೋ ಮುಚ್ಚಿದ್ದು ನನ್ನೊಳಗೆ ಕೂತಿದೆ.

ಅದಕ್ಕೆ ಸದ್ದಿಲ್ಲ, ಬಿಸಿಯಿಲ್ಲ, ಬೆಳಕಿಲ್ಲ ಅಂದಿದ್ದರು. ನನ್ನ ಹೆದರಿಕೆ ಅದೇ ಆಗಿತ್ತು. ಮಧ್ಯಾಹ್ನ ಕೆಲಸದ ಕೋಣೆಯಲ್ಲಿ ಒಬ್ಬನೇ ಕೂತರೆ ನನ್ನ ಜೊತೆ ಇನ್ನೂ ಯಾರೋ ಎಚ್ಚರವಾಗಿದ್ದಾರೆ ಅನ್ನಿಸುತ್ತದೆ. ನನ್ನ ಚಾಪೆ ಬಿಟ್ಟು ಕದಲದ ಬೆಕ್ಕು ಈಗ ಹೊಸ್ತಿಲ ಮೇಲೆ ಕೂತು ನನ್ನನ್ನೇ ನೋಡುತ್ತದೆ, ಕರೆದರೂ ಬರುವುದಿಲ್ಲ. "ಬಿಸಿಲು ಕಾಯಾಕೆ ಕುಂತೈತೆ, ನಿಮ್ದೊಂದು" ಅನ್ನುತ್ತಾಳೆ ನಿನ್ನ ಅಮ್ಮಿ. ಇರಬಹುದು.

ಬಸುರಿಯರ ಹತ್ತಿರ ಹೋಗಬೇಡಿ, ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳಬೇಡಿ, ಎರಡು ತಿಂಗಳು ಹುಷಾರು ಎಂದು ಹೇಳಿ ಕಳಿಸಿದ್ದರು. ಅಷ್ಟರಲ್ಲಿ ನೀನು ಹೇಳದೆ ಕೇಳದೆ ಬಂದುಬಿಟ್ಟೆ. ಕೈಯಲ್ಲಿ ಶೇಂಗಾ ಚೀಲ, ಮುಂದೆ ಆ ಪುಟ್ಟ ಹೊಟ್ಟೆ. "ಅಬ್ಬಾ" ಎಂದು ಓಡಿ ಬಂದೆಯಲ್ಲ, ನಾನು ಬಾಗಿಲು ಹಾಕಿಕೊಂಡು "ಅಲ್ಲೇ ನಿಲ್ಲು, ಒಳಗೆ ಬರಬ್ಯಾಡ" ಎಂದು ಕಿರುಚಿದೆ. ಕಿಟಕಿಯಿಂದ ನಿನ್ನ ಮುಖ ಕಂಡಿತು. ಮಗಳೇ, ಸೂಜಿ ಚುಚ್ಚಿದಾಗ ನನಗೆ ಅಷ್ಟು ನೋವಾಗಿರಲಿಲ್ಲ. ನೀನು ನೀರೂ ಕುಡಿಯದೆ ಸಂಜೆ ಬಸ್ಸಿಗೆ ಹೊರಟೆ.

ಹೊರಡುವ ಮುಂಚೆ ನಿನ್ನ ಅಮ್ಮಿ ಬೆಳ್ಳಿ ತಾಯತವನ್ನು ತುಂಬಿ, ಅರಗು ಹಾಕಿಕೊಡಿ ಎಂದು ನನ್ನ ಮುಂದಿಟ್ಟಳು. ಬಸುರಿ ಮಗಳಿಗೆ ತವರಿನದು. ಎತ್ತಿದಾಗ ಒಳಗೆ ಏನೋ ಟಿಕ್ ಎಂದಿತು. ದುವಾ ಬರೆದ ಕಾಗದ ಸದ್ದು ಮಾಡುವುದಿಲ್ಲ. ಆದರೂ ಕೇಳಬಾರದೆಂದು ಕೇಳಲಿಲ್ಲ. ಚೆನ್ನಾಗಿ ಕಾಯಿಸಿ, ನೀರೂ ಹೋಗದ ಹಾಗೆ ಮುಚ್ಚಿಕೊಟ್ಟೆ.

ನಿನ್ನೆ ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ನನ್ನ ಒಳಗೆಲ್ಲ ಕತ್ತಲು, ನಡುವೆ ಆ ಕಾಳುಗಳು ಬೆಳ್ಳಗೆ ಸಾಲಾಗಿ ನಿಂತಿದ್ದವು. ಸಾಲಿನಲ್ಲಿ ಒಂದು ಜಾಗ ಖಾಲಿ. ಅಲ್ಲಿನ ಮೇಡಂ ಕೇಳಿದರು: "ಒಂದು ಕಾಳು ಮೂತ್ರದಲ್ಲಿ ಹೊರಗೆ ಬಂದಿದೆ. ಎಲ್ಲಿ ಹೋಯ್ತು?" ಮೊದಲ ವಾರ ಅವರು ಹೇಳಿದ ಹಾಗೇ ಜರಡಿ ಹಿಡಿದಿದ್ದೆ, ಏನೂ ಸಿಕ್ಕಿರಲಿಲ್ಲ, ಆಮೇಲೆ ಹಿಡಿಯುವುದು ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಮನೆಗೆ ಬಂದು ನಿನ್ನ ಅಮ್ಮಿಯನ್ನು ಕೇಳಿದೆ. ಅವಳು ಸೊಪ್ಪು ಸೋಸುತ್ತಾ ತಲೆ ಕೂಡ ಎತ್ತಲಿಲ್ಲ.

"ಅದಾ? ಬಚ್ಚಲ ಕಲ್ಲಿನ ಮ್ಯಾಲೆ ಹೊಳೀತಿತ್ತು. ಬೆಳ್ಳಿ ಚೂರಂತ ತಗಂಡೆ, ಆಮೇಲೆ ನಿಮ್ಮ ಮೈಯಿಂದ ಬಂದಿದ್ದು ಅಂತ ಗೊತ್ತಾತು. ಔಷಧದ ಕಾಳು ಅಂದಿದ್ರಲ್ಲ, ಒಳ್ಳೇದೇ ಇರ್ತದೆ. ರುಹೀನಾ ತಾಯತದಾಗೆ ಹಾಕ್ದೆ. ನೀವಂತೂ ಅವಳ ತಲೆ ಮ್ಯಾಲೆ ಕೈ ಇಡ್ಲಿಲ್ಲ. ನಿಮ್ದು ಅಂತ ಏನಾರ ಒಂದು ಮಗಳ ಹತ್ರ ಇರ್ಲಿ ಅಂತ."

ಅವಳನ್ನು ಬೈಯಬೇಡ. ಆ ಕಾಳನ್ನು ಕೈಯಲ್ಲಿ ಮುಟ್ಟಬಾರದೆಂದಾಗಲಿ, ಬಸುರಿಯ ಹತ್ತಿರ ಇಡಬಾರದೆಂದಾಗಲಿ ನಾನು ಅವಳಿಗೆ ಹೇಳಿರಲಿಲ್ಲ, ಅವಳ ಮುಂದೆಯೂ ನಾಚಿಕೆ. ಮೇಡಂಗೆ ಫೋನ್ ಮಾಡಿದರೆ, ಒಂದು ಕಾಳಿಗೆ ಅಷ್ಟು ಗಾಬರಿ ಬೇಡ, ಆದರೆ ಬಸುರಿಯ ಹೊಟ್ಟೆಗೆ ತಾಗಿ ವಾರಗಟ್ಟಲೆ ಇರಲೇಬಾರದು, ಈಗಲೇ ತೆಗೆಸಿ ಅಂದರು. ವಾರಗಳು ಆಗಲೇ ಆಗಿಹೋಗಿವೆ. ನನ್ನ ಮೊಮ್ಮಗುವಿನ ಪಕ್ಕ, ಒಂದು ಚರ್ಮದ ಆಚೆ, ನಾನೇ ಮುಚ್ಚಿದ ಕೊಳವೆಯಲ್ಲಿ ಅದು ಸದ್ದಿಲ್ಲದೆ ಕೂತಿರುವುದು ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿದೆ.

ಫೋನ್ ಇನ್ನೂ ಬಂದಿಲ್ಲ. ಅಲ್ಲಾಹ್ ನಿನ್ನನ್ನೂ ನಿನ್ನ ಕೂಸನ್ನೂ ಕಾಯಲಿ. ನನ್ನ ಆಯಸ್ಸು ಬೇಕಾದರೆ ತೆಗೆದುಕೊಂಡು ಅದಕ್ಕೆ ಕೊಡಲಿ. ಅತ್ತೆಗೆ ಸಲಾಂ ಹೇಳು.

ನಿನ್ನ ಅಬ್ಬಾ
ಮೌಲಾಸಾಬ್

ತಾ.ಕ.: ಈಗ ಖಲೀಲ್ ಫೋನ್ ಬಂತು. "ಮಾವಾ, ಸಿಟ್ಟಾಗಬ್ಯಾಡ್ರಿ. ಅವ್ಳು ಅದನ್ನ ಕಟ್ಕಂಡೇ ಇಲ್ಲ. ಬಸ್ ಇಳಿದು ಬಂದೋಳೇ, ನನ್ನ ಮುಟ್ಟಾಕೆ ಆಗದೋರು ಕೊಟ್ಟಿದ್ದು ನಂಗ್ಯಾಕೆ ಅಂತ ಗಬ್ಬದ ಕುರಿ ಕೊರಳಿಗೆ ಕಟ್ಟಿದ್ಲು. ಈಗ ಇಕ್ಕಳದಾಗೆ ತೆಗೆದು ಕಣದಾಚೆ ಇಟ್ಟೀನಿ. ಒಂದ್ ಮಾತು ಮಾವಾ, ಅವತ್ತಿಂದ ಉಳಿದ ಕುರಿ ಅದರ ಮಗ್ಗುಲಾಗೆ ಮಲಗ್ತಿಲ್ಲ. ಸುತ್ತ ಜಾಗ ಬಿಟ್ಟು ಮಲಗ್ತಾವೆ. ಯಾಕೋ ಅಂತಿದ್ವಿ" ಅಂದರು.

ನಾನು ಅಲ್ಲೇ ಹಣೆ ನೆಲಕ್ಕಿಟ್ಟು ಸಜ್ದಾ ಮಾಡಿದೆ. ನನ್ನ ಮೇಲಿನ ನಿನ್ನ ಸಿಟ್ಟು ನಿನ್ನ ಕೂಸನ್ನು ಕಾಯಿತು. ಎದ್ದವನು ಬಹಳ ಹೊತ್ತು ಅತ್ತೆ. ಕೂಸು ಉಳಿಯಿತೆಂದು ಅತ್ತೆನೋ, ನನ್ನದೊಂದನ್ನೂ ನೀನು ಮೈಮೇಲೆ ಇಟ್ಟುಕೊಳ್ಳಲಿಲ್ಲವೆಂದು ಅತ್ತೆನೋ, ನನಗೇ ತಿಳಿಯದು. ಈ ಪತ್ರವನ್ನು ನಿನ್ನ ಅಣ್ಣ ಇಲಿಯಾಸ್ ತರುತ್ತಾನೆ, ಕಾಳು ಹೊರಬಂದರೆ ಹಾಕಿಡಲು ಆಸ್ಪತ್ರೆಯವರು ಕೊಟ್ಟ ಸೀಸದ ಡಬ್ಬಿಯೂ ಅವನ ಹತ್ತಿರ ಇದೆ. ಡಾಕ್ಟರು ಹೇಳಿದ ಕಾಲ ಮುಗಿಯುವ ತನಕ ನೀನು ಇಲ್ಲಿಗೆ ಬರಬೇಡ, ಆ ಸಿಟ್ಟನ್ನು ಅಲ್ಲಿಯವರೆಗೆ ಇಟ್ಟುಕೋ.

ಆ ಕುರಿಯನ್ನು ಮಾತ್ರ ಮಾರಬೇಡಿ. ಅದು ಮರಿ ಹಾಕಿದ ದಿನ, ಮರಿ ಹೇಗಿದೆ ಎಂದು ನನಗೆ ಫೋನ್ ಮಾಡು. ಖಲೀಲ್ ಕೈಯಲ್ಲಿ ಮಾಡಿಸಬೇಡ, ನೀನೇ ಮಾಡು.